ಅವ್ವನ ರೊಟ್ಟಿ: ಯಾರ ಅವ್ವ, ಯಾರ ರೊಟ್ಟಿ?

ಕನ್ನಡದಲ್ಲಿ ಈಗ ಊಟದ ನೆನಪುಗಳ ಸುಗ್ಗಿ ನಡೆದಿದೆ. ಭಾನುವಾರದ ಪುರವಣಿ ತೆಗೆದರೆ ಅಲ್ಲೊಂದು ಅವ್ವನ ಕೈರುಚಿ. ಕವನ ಸಂಕಲನ ತೆಗೆದರೆ ಅಲ್ಲೊಂದು ಬಿಸಿ ರೊಟ್ಟಿ, ಬೆಣ್ಣೆ, ಗುರೆಳ್ಳು ಹಿಂಡಿ. ಬರೆಯುವವರು ಬಹುಪಾಲು ಊರು ಬಿಟ್ಟು ಪಟ್ಟಣ ಸೇರಿದವರು. ಒಲೆ, ಹೊಗೆ, ರೊಟ್ಟಿ ಬಡಿಯುವ ಸಪ್ಪಳ, ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅವ್ವ, ಕೊನೆಗೆ ಗ್ಯಾಸಿನ ಒಲೆಯ ಮುಂದೆ ನಿಂತ ಬರಹಗಾರನ ಒಂದು ನಿಟ್ಟುಸಿರು. ಪ್ರಬಂಧ ಮುಗೀತು. ಇವೆಲ್ಲ ಸುಳ್ಳು ಅಂತ ನಾವು ಹೇಳುವುದಿಲ್ಲ. ಅವ್ವ ಯಾರಿಗಾದರೂ ಅವ್ವನೇ. ಹಸಿದು ಬಂದ ಮಗನಿಗೆ ಹಂಚಿನ ಮೇಲಿನ ರೊಟ್ಟಿಯ ವಾಸನೆ ಯಾವ ಜಾತಿಯ ಮನೆಯಲ್ಲೂ ಒಂದೇ. ನಮ್ಮ ತಕರಾರು ಬೇರೆ. ಈ ಬರಹಗಳನ್ನು ಓದಿದ ಕಾಲೇಜು ಹುಡುಗ 'ಹಳ್ಳಿಯ ಊಟ ಅಂದರೆ ಹೀಗಿತ್ತು' ಎಂದು ತಿಳಿಯುತ್ತಾನೆ. ಹೀಗಿತ್ತು, ಯಾರಿಗೆ? ಆ ಜೋಳ ಯಾರ ಹಗೇವಿನಿಂದ ಬಂತು, ಯಾರು ಬೀಸಿದರು, ರೊಟ್ಟಿ ಯಾವ ಬಾಗಿಲಿನಿಂದ ಹೊರಬಿದ್ದು ಯಾರ ಉಡಿಗೆ ಬಿತ್ತು, ಇಷ್ಟನ್ನು ಕೇಳದೆ ರುಚಿಯ ಮಾತಾಡುವುದು ಅರ್ಧ ಮಾತು. ಅರ್ಧ ಮಾತು ಪಠ್ಯಪುಸ್ತಕಕ್ಕೆ ಹೋಗಿ ಪೂರ್ತಿ ಮಾತಾಗಿ ಕೂತಾಗ ನಾವು ಸುಮ್ಮನಿರಲಾಗದು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಸೀಮೆಯನ್ನೇ ಮುಂದಿಟ್ಟುಕೊಂಡು ಮಾತಾಡೋಣ. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಆಮೇಲೆ ಹಾವೇರಿ ಜಿಲ್ಲೆಗೆ ಬಂದ ಸೀಮೆ ಇದು. ಪಡುವಣಕ್ಕೆ ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ಭತ್ತ. ಮೂಡಣಕ್ಕೆ ಸವಣೂರಿನ ಕಡೆ ಎರೆ ನೆಲ, ಜೋಳ, ಹತ್ತಿ. ಅಕ್ಕಿ ರೊಟ್ಟಿಯೂ ಜೋಳದ ರೊಟ್ಟಿಯೂ ಕೂಡುವ ಗಡಿ. ಕಾಳಿನ ಬಗ್ಗೆ, ಹಸಿವಿನ ಬಗ್ಗೆ ಕನ್ನಡ ಕಾವ್ಯ ಆಡಿದ ದೊಡ್ಡ ಮಾತುಗಳಲ್ಲಿ ಕೆಲವು ಈ ಮಣ್ಣಿನವರದೇ.

ಮೊದಲು ರೊಟ್ಟಿಯ ಕೆಲಸ ಏನೆಂದು ನೋಡಬೇಕು, ಯಾಕೆಂದರೆ ಬರೆಯುವವರು ಅದನ್ನು ನೋಡುವುದಿಲ್ಲ. ಗೋದಿ ಹಿಟ್ಟಿಗೆ ಇರುವ ಅಂಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ಎಸರು ಹಾಕಿ, ಬಿಸಿ ಆರುವ ಮುಂಚೆಯೇ ಅಂಗೈ ಹಚ್ಚಿ ನಾದಬೇಕು. ಲಟ್ಟಿಸಹೋದರೆ ಹರಿಯುವುದೇ ಹೆಚ್ಚು. ಕೈಯಿಂದ ಬಡಿದು ಅಗಲ ಮಾಡಬೇಕು. ಬಡಿದದ್ದನ್ನು ಮುರಿಯದ ಹಾಗೆ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೆಂಡದ ಬಾಯಿಗೆ ಒರಗಿಸಿ ಉಬ್ಬಿಸಬೇಕು. ಎಸರಿನ ಬಿಸಿ, ಹಂಚಿನ ಬಿಸಿ, ಕೆಂಡದ ಬಿಸಿ, ಮೂರಕ್ಕೂ ಅದೇ ಕೈ. ಹತ್ತು ಮಂದಿ ಉಣ್ಣುವ ಮನೆಯಲ್ಲಿ ನಸುಕಿನಲ್ಲಿ ಕೂತವಳು ಹೊತ್ತೇರಿದ ಮೇಲೆ ಏಳುತ್ತಾಳೆ. ಹಿಟ್ಟಿನ ಗಿರಣಿ ಬರುವ ಮುಂಚೆ ಇದಕ್ಕೂ ಮೊದಲು ಬೀಸುವ ಕಲ್ಲಿನ ಮುಂದೆ ಕೂರಬೇಕಿತ್ತು, ಕೋಳಿ ಕೂಗುವುದಕ್ಕೂ ಮುಂಚೆ. ಇಷ್ಟು ಮಾಡಿದವಳು ಕಡೆಗೆ ಉಣ್ಣುವುದು ಮುರಿದ ರೊಟ್ಟಿ, ಕರಿಕಾದ ರೊಟ್ಟಿ. ಇದು ಮೇಲ್ಜಾತಿಯ ಮನೆಯಲ್ಲೂ ಹೌದು. ಕೇರಿಯಲ್ಲಿ ಈ ಎಲ್ಲ ಕೆಲಸ ಕೂಲಿಯ ಕೆಲಸದ ಮುಂಚೆ ಮುಗಿಯಬೇಕು, ಅದೂ ಹಿಟ್ಟು ಇದ್ದ ದಿನ.

ನಮ್ಮ ಕಾವ್ಯಮೀಮಾಂಸೆಗೆ ಊಟ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ರಸ ಅಂದರೇನೆಂದು ವಿವರಿಸಹೊರಟಾಗ ಉಪಮೆ ಹುಡುಕಿದ್ದು ಅಡುಗೆಮನೆಯಲ್ಲೇ. ಹಲವು ವ್ಯಂಜನ ಕೂಡಿದ ಅನ್ನವನ್ನು ಒಳ್ಳೆ ಮನಸ್ಸಿನವರು ಉಂಡು ಸವಿಯುವ ಹಾಗೆ ಪ್ರೇಕ್ಷಕರು ಭಾವವನ್ನು ಸವಿಯುತ್ತಾರಂತೆ. ಎರಡು ಸಾವಿರ ವರ್ಷದಿಂದ ಪಂಡಿತರು ಈ ಉಪಮೆಯನ್ನು ತಲೆ ಮೇಲೆ ಹೊತ್ತಿದ್ದಾರೆ. ಅದರಲ್ಲಿ ಉಣ್ಣುವವನಿದ್ದಾನೆ, ಎಲೆ ಮೇಲಿನ ಅನ್ನವಿದೆ. ಬೇಯಿಸಿದವಳೆಲ್ಲಿ? ಎಲೆ ಎತ್ತಿದವರೆಲ್ಲಿ? ಉಣ್ಣುವವನೇ ಸಹೃದಯ, ಅವನ ನಾಲಿಗೆಯೇ ಅಳತೆಗೋಲು. ಇವತ್ತಿನ ಅವ್ವನ ರೊಟ್ಟಿಯ ಪ್ರಬಂಧ ಎಷ್ಟೇ ಜವಾರಿ ವೇಷ ಹಾಕಲಿ, ಅದು ಕೂತಿರುವುದು ಆ ಹಳೆ ಪಂಕ್ತಿಯಲ್ಲೇ. ಅಲ್ಲಿ ಅವ್ವ ಬರುತ್ತಾಳೆ ನಿಜ. ಬಡಿಸಲಿಕ್ಕೆ ಬರುತ್ತಾಳೆ.

ಜನಪದ ಸಾಹಿತ್ಯ ಈ ಕೊರತೆ ತುಂಬಿತು ಅನ್ನುವವರಿದ್ದಾರೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಬೀಸುವವಳ ದನಿ ಮೊದಲ ಸಲ ಅಚ್ಚಾಯಿತು. ಆ ಉಪಕಾರ ಸಣ್ಣದಲ್ಲ. ಆದರೆ ಹೆಸರು ನೋಡಿರಿ: ಗರತಿ. ಗಂಡನ ಮನೆ, ತವರುಮನೆ, ತೊಟ್ಟಿಲು, ಅಣ್ಣ ತರುವ ಸೀರೆ, ಇವುಗಳ ನಡುವೆ ಬೀಸುವವಳು ಗರತಿ. ಪಾಯಲಿ ಲೆಕ್ಕದಲ್ಲಿ ಇನ್ನೊಬ್ಬರ ಜೋಳ ಬೀಸಿ ಹಿಡಿ ನುಚ್ಚು ಪಡೆದು ಹೋದವಳು? ಅವಳೂ ಹಾಡಿರಲೇಬೇಕು. ಬೀಸುವ ಕಲ್ಲಿಗೆ ದನಿ ಬೇಕೇ ಬೇಕು, ಇಲ್ಲದಿದ್ದರೆ ರಟ್ಟೆ ಸೋಲುತ್ತದೆ. ಅವಳಿಗೆ ಗರತಿ ಎಂಬ ಬಿರುದು ಸಿಗಲಿಲ್ಲ.

ಈಗ ನಮ್ಮ ಸೀಮೆಯ ದೊಡ್ಡವರ ಕಡೆಗೆ ಬರೋಣ.

ಕನಕದಾಸರು ಶಿಗ್ಗಾಂವಿ ತಾಲೂಕಿನ ಬಾಡದವರು. ಅವರ 'ರಾಮಧಾನ್ಯ ಚರಿತೆ' ಭಾಮಿನಿ ಷಟ್ಪದಿಯ ಸಣ್ಣ ಕಾವ್ಯ. ಗಾತ್ರಕ್ಕೂ ಅದರ ಎದೆಗಾರಿಕೆಗೂ ಸಂಬಂಧವಿಲ್ಲ. ಲಂಕೆಯಿಂದ ಮರಳುವ ರಾಮ ಋಷಿಗಳ ಆಶ್ರಮದಲ್ಲಿ ಉಂಡು, ಧಾನ್ಯಗಳಲ್ಲಿ ಯಾವುದು ಹೆಚ್ಚೆಂದು ಕೇಳುತ್ತಾನೆ. ಗೌತಮ ನರೆದಲೆಗನನ್ನು, ಅಂದರೆ ರಾಗಿಯನ್ನು ಹೆಸರಿಸುತ್ತಾನೆ. ಭತ್ತಕ್ಕೆ ಸಿಟ್ಟು ಬರುತ್ತದೆ. ನಾನು ದೇವರ ನೈವೇದ್ಯ, ವಿಪ್ರರ ಎಲೆ. ನೀನು ಶೂದ್ರರ ಊಟ ಎಂಬ ಧಾಟಿಯ ಬೈಗುಳ. ರಾಗಿ ಸುಮ್ಮನಿರುವುದಿಲ್ಲ. ನೀನು ಬಲ್ಲಿದರ ಪಕ್ಷ, ಬಡವರನ್ನು ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೆ ಬೀಳುವವನು ಎಂದು ಮುಖಕ್ಕೇ ತಿವಿಯುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ನಿಲ್ಲುತ್ತದೆ. ರಾಘವನ ಹೆಸರೇ ಅದಕ್ಕೆ ಸಿಗುತ್ತದೆ.

ನವೋದಯದ ವಿಮರ್ಶಕರು ಇದನ್ನು ಚಮತ್ಕಾರದ ರೂಪಕವೆಂದು ಮೆಚ್ಚಿ ಕೈಬಿಟ್ಟರು. ಬಂಡಾಯದ ಕಾಲದಲ್ಲಿ ಅದನ್ನು ವರ್ಗಸಂಘರ್ಷದ ಕಾವ್ಯವೆಂದು ಎತ್ತಿ ಹಿಡಿಯಲಾಯಿತು. ಎರಡನೆಯ ಓದೇ ಸರಿ ಅಂತ ನಮ್ಮ ಪಕ್ಷ. ಆದರೂ ಒಂದು ಮಾತು ಹೇಳಬೇಕು. ಧಾನ್ಯಗಳ ಆ ಸಾಲಿನಲ್ಲಿ ಜೋಳವೂ ನಿಂತಿದೆ, ನವಣೆ, ಸಾಮೆ, ಹಾರಕ, ಬರಗು ಎಲ್ಲವೂ ನಿಂತಿವೆ. ಬಾಡದ ಸುತ್ತಿನ ಜನ ದಿನಾ ಉಣ್ಣುತ್ತಿದ್ದದ್ದು ಮುಖ್ಯವಾಗಿ ಜೋಳ. ಅದು ಕಾವ್ಯದಲ್ಲಿ ಬಾಯಿ ತೆರೆಯದೆ ನೋಡುತ್ತ ನಿಲ್ಲುವ ಸಭಿಕ. ನ್ಯಾಯ ಬಂದದ್ದೂ ಅರಸನ ತೀರ್ಪಿನಿಂದ, ಅರಸನ ಹೆಸರು ಪಡೆದು. ರಾಗಿಗೆ ಮಾನ ಸಿಕ್ಕಿತು; ರಾಗಿ ಬೆಳೆದವನಿಗೆ, ಬೀಸಿದವಳಿಗೆ ಪಂಕ್ತಿಯಲ್ಲಿ ಜಾಗ ಸಿಕ್ಕಿತೆ ಎಂಬ ಪ್ರಶ್ನೆ ಕಾವ್ಯದ ಆಚೆಗೇ ಉಳಿಯಿತು. ಇದು ಕನಕರ ದೋಷವೆಂದು ನಾವು ಹೇಳುತ್ತಿಲ್ಲ. ಹದಿನಾರನೆಯ ಶತಮಾನದಲ್ಲಿ ಅಷ್ಟು ಹೇಳಿದ್ದೇ ಹೆಚ್ಚು. ಇವತ್ತು ಬಾಡದಲ್ಲಿ ಕನಕರ ಅರಮನೆ ಕಟ್ಟಿ ನಿಲ್ಲಿಸಿದ್ದಾರೆ, ನೋಡಲು ಜನ ಬರುತ್ತಾರೆ. ಸಿರಿಧಾನ್ಯ ಮೇಳಗಳಲ್ಲಿ ಅದೇ ನವಣೆ ಸಾಮೆಗಳು ಸಾಹುಕಾರರ ಸಕ್ಕರೆ ರೋಗಕ್ಕೆ ಔಷಧಿಯಾಗಿ ಮಾರಾಟವಾಗುತ್ತವೆ. ಭತ್ತ ಸೋತ ಹಾಗೆ ಕಾಣುತ್ತದೆ. ಬಲ್ಲಿದರ ಪಕ್ಷವಂತೂ ಸೋತಿಲ್ಲ.

ಸರ್ವಜ್ಞನ ವಿಷಯವೇ ಬೇರೆ. ಹಿರೇಕೆರೂರಿನ ಕಡೆಯ ಅಬಲೂರು, ಮಾಸೂರು ಎರಡೂ ಅವನನ್ನು ನಮ್ಮವನೆನ್ನುತ್ತವೆ. ತಾಯಿ ಕುಂಬಾರ ಮಾಳಿ ಎಂದು ಐತಿಹ್ಯ. ಧಾನ್ಯಕ್ಕೊಂದು ಪ್ರಾಣಿಯ ಗುಣ ಹೊಂದಿಸುತ್ತ ಜೋಳ ಉಂಬವನಿಗೆ ತೋಳದ ಬಲ ಕಟ್ಟಿದವನು ಅವನು. ಅವನು ತಿರಿದುಂಡವನೆಂದು ಅವನ ಹೆಸರಿನ ತ್ರಿಪದಿಗಳೇ ಹೇಳುತ್ತವೆ. ಇಲ್ಲಿ ಒಂದು ಶಬ್ದದ ವಿಚಾರ ಬರುತ್ತದೆ. ಜಂಗಮ ಬಂದು ಜೋಳಿಗೆ ಒಡ್ಡಿದರೆ ಅದು ಭಿಕ್ಷಾ. ನೀಡಿದವಳಿಗೆ ಪುಣ್ಯ, ಒಡ್ಡಿದವನಿಗೆ ಶರಣು. ಕೇರಿಯ ಹೆಣ್ಣುಮಗಳು ಸಂಜೆ ಮುಂದ ಊರೊಳಗೆ ಬಂದು ಅಂಗಳದ ಆಚೆಗೆ ನಿಂತು 'ಯವ್ವಾ, ರೊಟ್ಟಿ ನೀಡ್ರೀಯವ್ವಾ' ಎಂದು ಕೂಗಿದರೆ ಅದು ಬೇಡೋದು. ಕೈ ಒಡ್ಡುವುದು ಎರಡೂ ಕಡೆ ಒಂದೇ. ಒಂದಕ್ಕೆ ಧರ್ಮದ ಹೆಸರು, ಇನ್ನೊಂದಕ್ಕೆ ಹೀನಾಯದ ಹೆಸರು.

ಅದರಲ್ಲೂ ಮೋಸ ಇರುವುದು ಎಲ್ಲಿ ಅಂದರೆ, ಆ ರೊಟ್ಟಿ ಬೇಡಿದ್ದೇ ಅಲ್ಲ. ಅದು ಆಯ. ಸತ್ತ ದನ ಎಳೆದದ್ದಕ್ಕೆ, ಬಾರಕೋಲು ಮಿಣಿ ಮಾಡಿದ್ದಕ್ಕೆ, ಹಲಗಿ ಬಾರಿಸಿದ್ದಕ್ಕೆ, ಸುದ್ದಿ ಒಯ್ದದ್ದಕ್ಕೆ, ಕಣ ಕಾದದ್ದಕ್ಕೆ ಬರಬೇಕಾದ ಕೂಲಿ. ಬಡಿಗ, ಕಮ್ಮಾರರಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುವಾಗ ಅದು ಲೆಕ್ಕದ ಕೊಡುಗೆ. ಹೊಲೆಯ ಮಾದಿಗರ ಪಾಲಿನ ಒಂದು ಭಾಗವನ್ನು ದಿನಾ ಸಂಜೆಯ ತಂಗಳು ರೊಟ್ಟಿಯಾಗಿ ಒಡೆದು, ಕೂಲಿಯನ್ನೇ ದಾನದ ಹಾಗೆ ತೋರಿಸಿದ್ದು ಈ ವ್ಯವಸ್ಥೆಯ ಜಾಣತನ. ದುಡಿದು ಬಂದವಳು ಋಣಿಯಾಗಿ ಹೋಗಬೇಕು! ರೊಟ್ಟಿ ಮೇಲಿಂದ ಬೀಳಬೇಕು, ಕೈ ಕೈಗೆ ತಾಗಬಾರದು. ಐದಾರು ಮನೆಯ ರೊಟ್ಟಿ ಒಂದೇ ಉಡಿಯಲ್ಲಿ ಕೂಡುತ್ತಿದ್ದವು. ಒಂದು ದಪ್ಪ, ಒಂದು ತೆಳ್ಳಗ, ಒಂದಕ್ಕೆ ಎಳ್ಳು ಹಚ್ಚಿದ್ದು, ಒಂದು ಬೂಸಲು ಹಿಡಿದದ್ದು. ಕೇರಿಯ ಮಗುವಿಗೆ 'ಅವ್ವನ ರೊಟ್ಟಿ' ಅಂದರೆ ಇದು. ಅವ್ವ ಬಡಿದದ್ದಲ್ಲ, ಅವ್ವ ತಂದದ್ದು. ಯಾವ ಮನೆಯ ರೊಟ್ಟಿ ಯಾವುದೆಂದು ಆ ಮಗು ನೋಡಿಯೇ ಹೇಳಬಲ್ಲದು. ಊರಿನ ಒಲೆಗಳ ವಿಮರ್ಶೆಯನ್ನು ನಿಜವಾಗಿ ಬರೆಯಬಲ್ಲವರು ಕೇರಿಯವರೇ; ಎಲ್ಲರ ಮನೆಯ ರುಚಿ ಕಂಡವರು ಬೇರೆ ಯಾರಿದ್ದಾರೆ?

ಈ ನೆನಪನ್ನು ಬರೆದವರು ನಮ್ಮ ಸುತ್ತಲೇ ಇದ್ದಾರೆ. ಶರಣಕುಮಾರ ಲಿಂಬಾಳೆ ಹುಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ, ಕನ್ನಡ ಮರಾಠಿ ಎರಡೂ ಕಿವಿಗೆ ಬೀಳುವ ನೆಲ. ಅವರ 'ಅಕ್ಕರಮಾಶಿ' 1984ರಲ್ಲಿ ಬಂತು. ದನಗಳ ಸೆಗಣಿಯಲ್ಲಿ ಅರಗದೆ ಉಳಿದ ಜೋಳದ ಕಾಳನ್ನು ಅಜ್ಜಿ ತೊಳೆದು, ಒಣಗಿಸಿ, ಬೀಸಿ ರೊಟ್ಟಿ ಮಾಡುವುದು ಅದರಲ್ಲಿದೆ. ಅದರ ವಾಸನೆಯೂ ಇದೆ. ಅದನ್ನು ಓದಿದ ಮೇಲೂ ಮಣ್ಣಿನ ವಾಸನೆಯ ರೊಟ್ಟಿ ಎಂದು ಸಲೀಸಾಗಿ ಬರೆಯುವವರನ್ನು ಕಂಡರೆ ನಮಗೆ ಆಶ್ಚರ್ಯ. ಹಿಂದಿಯ ಓಂಪ್ರಕಾಶ ವಾಲ್ಮೀಕಿಯವರ 'ಜೂಠನ್' (1997) ಎಂಬ ಹೆಸರೇ ಎಂಜಲು. ಮದುವೆಮನೆಯ ಎಂಜಲು ಒಯ್ಯಲು ಬುಟ್ಟಿ ಹಿಡಿದು ಕಾದ ತಾಯಿ, ಮಕ್ಕಳಿಗೆ ಒಂದಿಷ್ಟು ಒಳ್ಳೆಯದು ಕೊಡಿ ಎಂದು ಕೇಳಿ ಬೈಸಿಕೊಂಡಾಗ, ತುಂಬಿದ ಬುಟ್ಟಿಯನ್ನು ಆ ಯಜಮಾನನ ಬಾಗಿಲಲ್ಲೇ ಸುರುವಿ ಎದ್ದು ಬರುತ್ತಾಳೆ. ಮತ್ತೆ ಆ ಬಾಗಿಲಿಗೆ ಹೋಗುವುದಿಲ್ಲ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಜನಕ್ಕೆ ಹೇಳಿದ್ದೂ ಇದನ್ನೇ: ಸತ್ತ ದನದ ಮಾಂಸ ಬಿಡಿ, ಎಸೆದ ತುಣುಕಿಗೆ ಕೈ ಒಡ್ಡುವುದು ಬಿಡಿ. ಕೆರೆಯ ನೀರಿನ ಹೋರಾಟವೆಂದು ನಾವು ಮಹಾಡವನ್ನು ನೆನೆಯುತ್ತೇವೆ. ಅದು ರೊಟ್ಟಿಯ ಹೋರಾಟವೂ ಹೌದು. ಊರಿನ ಪ್ರಬಂಧಕಾರನ ನೆನಪಿನಲ್ಲಿ ರೊಟ್ಟಿ ಸಿಕ್ಕ ಗಳಿಗೆ ದೊಡ್ಡದು, ಕೇರಿಯ ಆತ್ಮಕತೆಯಲ್ಲಿ ರೊಟ್ಟಿ ಬೇಡವೆಂದ ಗಳಿಗೆ ದೊಡ್ಡದು. ಎರಡನ್ನೂ 'ಆಹಾರ ಸ್ಮೃತಿ' ಎಂಬ ಒಂದೇ ಚೀಟಿ ಹಚ್ಚಿ ಡಬ್ಬಿಗೆ ತುಂಬಲು ಬರುವುದಿಲ್ಲ.

ಕನ್ನಡದಲ್ಲಿ ದೇವನೂರ ಮಹಾದೇವರ 'ಒಡಲಾಳ'ವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಸಾಕವ್ವನ ಮನೆಮಂದಿ ಸಾಹುಕಾರನ ಕಡೆಯಿಂದ ಕದ್ದು ತಂದ ಕಡ್ಲೆಕಾಯಿಯನ್ನು ರಾತ್ರಿಯಿಡೀ ಕೂತು ತಿಂದು ಮುಗಿಸುವ ಭಾಗ. ಅಲ್ಲಿ ಕರುಣೆ ಬೇಡುವ ಹಸಿವಿಲ್ಲ. ನಗು ಇದೆ, ಹಬ್ಬವಿದೆ, ಬೆಳಗಾದರೆ ಪೋಲೀಸರು ಬರುತ್ತಾರೆಂಬುದೂ ಇದೆ. ತಿನ್ನುವ ಸುಖವನ್ನು ಅಷ್ಟು ತುಂಬಿ ಬರೆದ ಪುಟ ಕನ್ನಡದಲ್ಲಿ ಅಪರೂಪ. ಆ ಸುಖದ ಬೆಲೆಯನ್ನೂ ಅದೇ ಪುಟಗಳು ಹೇಳುತ್ತವೆ.

ಈ ಹೊತ್ತಿಗೆ ನಮ್ಮ ಬಂಡಾಯದ ಕವಿತೆಗಳ ಮಾತನ್ನೂ ಆಡಬೇಕು. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಟ್ಟರು. ಬೂಸಾ ಅಂದರೆ ಕಾಳಿನ ಸತ್ವ ತೆಗೆದ ಮೇಲೆ ದನಕ್ಕೆ ಹಾಕುವ ಹೊಟ್ಟು. ಊಟದ ಶಬ್ದದಿಂದಲೇ ಒಂದು ಚಳವಳಿ ಶುರುವಾಯಿತು ಅನ್ನಬಹುದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ರೊಟ್ಟಿ ಕವಿತೆಗೆ ಬಂತು. ಬರಬೇಕಾದದ್ದೇ. ಆದರೆ ಹೇಗೆ ಬಂತು? ಆಕಾಶದ ಚಂದ್ರ ರೊಟ್ಟಿಯಾದ, ಸೂರ್ಯ ರೊಟ್ಟಿಯಾದ, ಕ್ರಾಂತಿ ರೊಟ್ಟಿಯಾಯಿತು. ನೂರು ಕವಿತೆಯಲ್ಲಿ ಅದೇ ದುಂಡನೆಯ ಹೋಲಿಕೆ. ಹಿಟ್ಟು ನಾದಿದ ಕೈಯ ಸುಟ್ಟ ಗಾಯ ಆ ಕವಿತೆಗಳಲ್ಲಿ ಕಾಣುವ ಬದಲು ಮುಷ್ಟಿಯೇ ಕಂಡಿತು. ಮುಷ್ಟಿಯೂ ಬಹುತೇಕ ಗಂಡಸಿನದು. ಹಸಿವನ್ನು ಘೋಷಣೆ ಮಾಡಿದ ಕವಿ ಮನೆಗೆ ಹೋಗಿ ಬಿಸಿ ರೊಟ್ಟಿ ಕೇಳಿದಾಗ ಒಲೆ ಮುಂದೆ ಕೂತವಳು ಯಾರು? ಭರತನ ಪಂಕ್ತಿಯಿಂದ ಎದ್ದು ಬಂದವರು ಇನ್ನೊಂದು ಪಂಕ್ತಿ ಹಾಕಿಕೊಂಡರೆ ಏನು ಬಂತು? ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ಅವರೂ ಸವಣೂರು ತಾಲೂಕಿನವರೇ, 1964ರಿಂದ 'ಸಂಕ್ರಮಣ'ವನ್ನು ಕಟ್ಟಿದಾಗ ಇಂಥ ಜಗಳಗಳಿಗೆ ಅಲ್ಲಿ ಜಾಗವಿತ್ತು. ಆ ಜಗಳಗಂಟತನ ನಮಗೆ ಈಗಲೂ ಬೇಕು, ನಮ್ಮವರ ಜೊತೆಗೂ ಬೇಕು.

ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಒಯ್ದವರು ಗಂಗೂಬಾಯಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಹಾಡಿದಾಗ ಅವರಿನ್ನೂ ಹನ್ನೊಂದು ವರ್ಷದ ಹುಡುಗಿ. ಹಾಡಿನ ಸಂಭ್ರಮದ ಜೊತೆಗೆ ಅವರು ನೆನೆಸಿಕೊಳ್ಳುತ್ತಿದ್ದ ಇನ್ನೊಂದು ವಿಷಯ ಊಟದ್ದು: ಕೀಳುಜಾತಿಯವರೆಂದು ಎಲ್ಲಿ ಎಂಜಲು ಬಳಿಯಲು ಹೇಳುತ್ತಾರೋ ಎಂಬ ಅಂಜಿಕೆ. ಚಿಕ್ಕಂದಿನಲ್ಲಿ ನೆರೆಯ ಮೇಲ್ಜಾತಿಯವರ ತೋಟದ ಮಾವಿನಕಾಯಿಗೆ ಕೈ ಹಾಕಿದ್ದಕ್ಕೆ ಬೈಸಿಕೊಂಡದ್ದನ್ನೂ, ಹೆಸರು ಬಂದ ಮೇಲೆ ಅಂಥದೇ ಮನೆಗಳವರು ಊಟಕ್ಕೆ ಕರೆದದ್ದನ್ನೂ ಅವರು ಹೇಳುತ್ತಿದ್ದರು. ಸಂಗೀತ ವಿಮರ್ಶಕರು ಅವರ ದನಿಯ ಗಡಸುತನದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಈ ಮಾವಿನಕಾಯಿ, ಈ ಎಂಜಲೆಲೆಯ ಅಂಜಿಕೆ, ಇವನ್ನು ಆ ಬರಹಗಳು ಜೀವನದ 'ಕಷ್ಟದ ದಿನಗಳು' ಎಂಬ ಒಂದು ಪ್ಯಾರಾದಲ್ಲಿ ಮುಗಿಸುತ್ತವೆ.

ನಾಗರಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ ಬರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿ, ನಾಲ್ಕಾರು ತರದ ಪಲ್ಯ, ಹಿಂಡಿ. ತಾಟಿನಲ್ಲಿಟ್ಟು ಮನೆಯಿಂದ ಮನೆಗೆ ಬೀರುವುದು. ಎಲ್ಲ ಜಾತಿಯವರೂ ರೊಟ್ಟಿ ಹಂಚಿಕೊಳ್ಳುವ ಸೌಹಾರ್ದದ ಹಬ್ಬ ಎಂದು ಇದನ್ನು ಬರೆಯುವುದು ವಾಡಿಕೆ. ಸಾಲಿ ಮಾಸ್ತರರು ಒಂದು ಕೆಲಸ ಮಾಡಿ ನೋಡಲಿ. ತಮ್ಮೂರಲ್ಲಿ ಆ ದಿನ ತಾಟು ಯಾವ ಓಣಿಯಿಂದ ಯಾವ ಓಣಿಗೆ ಹೋಯಿತೆಂದು ಒಂದು ನಕ್ಷೆ ಬರೆಯಲಿ. ಕೇರಿಗೆ ಹೋದ ತಾಟೆಷ್ಟು, ಕೇರಿಯಿಂದ ಊರೊಳಗೆ ಬಂದ ತಾಟೆಷ್ಟು? ಬಂದದ್ದನ್ನು ಉಂಡರೋ, ದನದ ಬಾನಿಗೆ ಹಾಕಿದರೋ? ಕೆಲವು ಊರಲ್ಲಿ ಉತ್ತರ ನಮ್ಮ ಅನುಮಾನಕ್ಕಿಂತ ಚಲೋ ಇರಬಹುದು. ಇದ್ದರೆ ಸಂತೋಷ, ಅದನ್ನೂ ಬರೆಯಲಿ. ನಕ್ಷೆ ಇಲ್ಲದ ಸೌಹಾರ್ದದ ಮಾತು ಮಾತ್ರ ನಮಗೆ ಬೇಡ.

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬಾಳೆಲ್ಲ ಆಳೆತ್ತರದ ಸಿಮೆಂಟಿನ ಮೂರ್ತಿಗಳಾಗಿ ನಿಂತಿದೆ. ಮುಖಗಳನ್ನು ಆ ಕೈ ಬಹಳ ಚೆನ್ನಾಗಿ ಬಲ್ಲದು. 2020ರಲ್ಲಿ ತೀರಿಕೊಂಡ ಸೊಲಬಕ್ಕನವರ ಶ್ರಮಕ್ಕೆ ನಮ್ಮ ನಮಸ್ಕಾರ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನೋಡಿ 'ಹಿಂದಿನ ಹಳ್ಳಿ ಎಷ್ಟು ಚಂದ ಇತ್ತು' ಅಂತ ಹೋಗುತ್ತಾರೆ. ತಪ್ಪು ಮೂರ್ತಿಯದಲ್ಲ. ಸಿಮೆಂಟಿಗೆ ಹೊಗೆ ಇಲ್ಲ, ಬೆವರಿಲ್ಲ, ಮೈಲಿಗೆಯೂ ಇಲ್ಲ. ಸಿಮೆಂಟಿನ ಮನುಷ್ಯರನ್ನು ಎಲ್ಲರೂ ಮುಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೂ ಇದೆ. ಅಡುಗೆಯ ಪದಗಳನ್ನು ಕೂಡಿಸುವವರು ಅಲ್ಲಿದ್ದರೆ, ಹಂಚು, ಪರಾತ, ಒನಕೆಗಳ ಜೊತೆಗೆ ಮೇಲಿಂದ ಬಿದ್ದ ರೊಟ್ಟಿಗೆ ಕೇರಿಯವರು ತಮ್ಮೊಳಗೆ ಏನೆನ್ನುತ್ತಿದ್ದರು ಎಂಬ ಪದಗಳನ್ನೂ ಕೂಡಿಸಬೇಕು. ಆ ಪದಗಳು ಬೈಗುಳಗಳಾಗಿದ್ದರೂ ಸರಿ.

ಕಲ್ಲು ಹೋಗಿ ಗಿರಣಿ ಬಂದದ್ದಕ್ಕೆ ಅಳುವ ಬರಹಗಳೂ ಬಹಳ. ಬೀಸಿದ ಹಿಟ್ಟಿನ ರುಚಿ ಗಿರಣಿ ಹಿಟ್ಟಿಗಿಲ್ಲವಂತೆ. ಇರಲಿಕ್ಕಿಲ್ಲ. ಬೀಸಿದವಳನ್ನು ಕೇಳಿದರೆ ಗಿರಣಿಗೆ ಕೈ ಮುಗಿಯುತ್ತಾಳೆ. ಆದರೆ ಯಂತ್ರ ಬಂದರೆ ಜಾತಿ ತಾನಾಗಿ ಹೋಗುತ್ತದೆಂಬ ನಮ್ಮ ಕೆಲವು ಗೆಳೆಯರ ನಂಬಿಕೆಯೂ ಪೊಳ್ಳು. 2016ರ ಅಕ್ಟೋಬರದಲ್ಲಿ ಉತ್ತರಾಖಂಡದ ಬಾಗೇಶ್ವರ ಜಿಲ್ಲೆಯಲ್ಲಿ ಹಿಟ್ಟಿನ ಗಿರಣಿ ಮೈಲಿಗೆಯಾಯಿತೆಂದು ಒಬ್ಬ ದಲಿತನ ಕೊಲೆಯಾಯಿತು. ಆರೋಪಿ ಶಾಲೆಯ ಮಾಸ್ತರ.

ಬೇಕರಿಯ ಬನ್ನಿನ ವಿಷಯದಲ್ಲೂ ಹೀಗೇ. ಜವಾರಿ ಊಟದ ಭಕ್ತರಿಗೆ ಬನ್ನು, ಬ್ರೆಡ್ಡು ಅಂದರೆ ಸಂಸ್ಕೃತಿಯ ಸಾವು. ಹಿರೇಕೆರೂರಿನ ಸಂತೆಗೆ ಅಪ್ಪನ ಜೊತೆ ಹೋದ ಕೇರಿಯ ಹುಡುಗನಿಗೆ ಅದು ಬೇರೆ. ದುಡ್ಡು ಕೊಟ್ಟರೆ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಯಾವ ಓಣಿಯವ ಎಂದು ಬನ್ನು ಕೇಳುವುದಿಲ್ಲ. ಪಕ್ಕದ ಚಹಾದಂಗಡಿಯಲ್ಲಿ ಬೇರೆ ಕಪ್ಪು, ಬೇರೆ ಬಸಿ ಇದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಮೈದಾ ಆರೋಗ್ಯಕ್ಕೆ ಕೆಟ್ಟದ್ದು, ಒಪ್ಪಿದೆವು. ಎಸೆದ ರೊಟ್ಟಿ ಯಾವುದಕ್ಕೆ ಒಳ್ಳೆಯದಿತ್ತು?

ಜೋಳದ ಹೊಲಗಳೇ ಈಗ ಕಡಿಮೆ. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಹೈಬ್ರಿಡ್ ಜೋಳ ಬಂತು, ಇಳುವರಿ ಹೆಚ್ಚಿತು, ರೊಟ್ಟಿ ಚಲೋ ಬರೋದಿಲ್ಲ ಎಂದು ಹೆಂಗಸರು ಗೊಣಗಿದರು. ಆಮೇಲೆ ಗೋವಿನಜೋಳ ಬಂದು ಹೊಲ ತುಂಬಿತು. ರಾಜ್ಯದಲ್ಲಿ ಅದನ್ನು ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಒಂದು. ಬೆಳೆದದ್ದು ಬಹುಪಾಲು ಹೋಗುವುದು ಕೋಳಿಯ ಮೇವಿಗೆ, ಕಾರ್ಖಾನೆಗೆ. ಬಸವಲಿಂಗಪ್ಪನವರ ಶಬ್ದ ಈಗ ಹೊಲಕ್ಕೇ ಇಳಿದ ಹಾಗಿದೆ. 2013ರ ಅನ್ನಭಾಗ್ಯದ ಅಕ್ಕಿ ಕೇರಿಯ ಒಲೆಗೆ ಬಂದದ್ದು ಇಂಥ ಹೊತ್ತಿನಲ್ಲಿ. 'ಪುಕ್ಕಟೆ ಅಕ್ಕಿ ತಿಂದು ಕೂಲಿಗೆ ಬರಲೊಲ್ಲರು' ಎಂದು ಹೊಲದ ಯಜಮಾನರು ಅಂದರಲ್ಲ, ಆ ಮಾತಿನಲ್ಲೇ ಸಂಜೆಯ ರೊಟ್ಟಿಯ ಹಳೆ ಆಡಳಿತ ಕೂತಿತ್ತು.

ಈ ಜಗಳ ಹಳೆ ಕಾಲದ್ದೆಂದು ಯಾರೂ ತಿಳಿಯಬೇಕಿಲ್ಲ. ಸವಣೂರು ಅಂದರೆ ಖಾರ, ವೀಳ್ಯದೆಲೆ, ನವಾಬರು, ದೊಡ್ಡಹುಣಸೆ ಮರ, ವಿ.ಕೃ. ಗೋಕಾಕರು. ಅದೇ ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಕುಟುಂಬಗಳವರು ತಾವು ಇದ್ದ ಜಾಗದಿಂದ ಎಬ್ಬಿಸುತ್ತಾರೆಂದು, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಊರಿನ ಊಟದ ಕೊನೆಯ ತುದಿಯನ್ನು ತಲೆಮಾರುಗಳಿಂದ ಹೊತ್ತವರು ಅದನ್ನು ಊರಿನ ಕಣ್ಣೆದುರಿಗೆ ತಂದರು. ಸವಣೂರಿನ ರುಚಿಯ ಬಗ್ಗೆ ಬರೆಯುವ ಯಾರಾದರೂ ಈ ದಿನವನ್ನು ಬಿಟ್ಟು ಬರೆದರೆ ಅದು ಸವಣೂರಿನ ಬಗ್ಗೆ ಬರೆದದ್ದಲ್ಲ.

2023ರ ಜನವರಿಯಲ್ಲಿ ಹಾವೇರಿಯಲ್ಲೇ 86ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಶಿಶುವಿನಹಾಳದ ಶರೀಫರ ಜಿಲ್ಲೆ. ಒಳ್ಳು, ಒನಕೆ, ಬೀಸುವ ಕಲ್ಲುಗಳನ್ನು ನುಂಗಾಟದ ಒಗಟಿಗೆ ತಂದು ಅಡುಗೆಮನೆಯನ್ನೇ ತತ್ವಪದ ಮಾಡಿದವರ ಜಿಲ್ಲೆ. ಅಲ್ಲಿ ಮುಸ್ಲಿಂ ಬರಹಗಾರರಿಗೆ ತಕ್ಕ ಜಾಗ ಸಿಗಲಿಲ್ಲವೆಂದು ಬೆಂಗಳೂರಿನಲ್ಲಿ ಬೇರೆ ಜನಸಾಹಿತ್ಯ ಸಮ್ಮೇಳನ ಸೇರಬೇಕಾಯಿತು. 2024ರ ಡಿಸೆಂಬರಿನ ಮಂಡ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸವನ್ನೂ ನಿಷೇಧದ ಪಟ್ಟಿಗೆ ಸೇರಿಸಿದರು. ಹೋರಾಟಗಾರರು ತಾವೇ ಬಾಡೂಟ ತಂದು ಹಂಚಿದರು. ಊಟದ ವಿಷಯಕ್ಕೆ ಸಾಹಿತ್ಯದಲ್ಲಿ ಜಗಳವೇಕೆ ಎಂದು ಕೆಲವರು ಮೂಗು ಮುರಿದರು. ಅವ್ವನ ರೊಟ್ಟಿ ಸಾಹಿತ್ಯವಾಗುವುದಾದರೆ ಅದರ ಜೊತೆಗಿದ್ದ ಖಂಡದ ಸಾರು ಯಾಕೆ ಆಗಬಾರದು? ಒಣಗಿಸಿ ಬಳ್ಳಿಗೆ ಕಟ್ಟಿದ ದೊಡ್ಡ ಖಂಡ, ಅದರ ಸಾರಿಗೆ ಮುರಿದು ಹಾಕಿದ ರೊಟ್ಟಿ, ಇದು ಎಷ್ಟು ಮನೆಗಳ ಹಬ್ಬದ ನೆನಪು! 2021ರಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಯಾದ ಮೇಲೆ ಆ ನೆನಪನ್ನು ಬರೆಯುವುದೇ ತಪ್ಪೊಪ್ಪಿಗೆಯಂತೆ ಆಗಿದೆ. ಮರಾಠಿಯಲ್ಲಿ ಶಾಹೂ ಪಾಟೋಳೆಯವರು 2015ರಲ್ಲಿ ಮರಾಠವಾಡದ ದಲಿತ ಅಡುಗೆಯ ಮೇಲೆ ಒಂದು ಪೂರ್ತಿ ಪುಸ್ತಕವನ್ನೇ ಬರೆದರು, ಅನ್ನವನ್ನು ಪೂರ್ಣಬ್ರಹ್ಮವೆನ್ನುವ ಮಾತಿಗೆ ಎದುರಾಗಿ ಅಪೂರ್ಣಬ್ರಹ್ಮವೆಂದು ಹೆಸರಿಟ್ಟು. ನಮ್ಮ ಸೀಮೆಯಿಂದಲೂ ಅಂಥದೊಂದು ಪುಸ್ತಕ ಬರಬೇಕು. ಎಣ್ಣೆ ಇಲ್ಲದೆ, ತೆಂಗಿಲ್ಲದೆ, ಬರೀ ಖಾರ ಉಪ್ಪಿನಲ್ಲಿ ಮಾಡುವ ಅಡುಗೆಗೂ ಒಂದು ಶಾಸ್ತ್ರವಿದೆ, ಅದನ್ನು ಬಡತನದ ಕತೆಯೆಂದಷ್ಟೇ ಬರೆಯದೆ ಕೌಶಲವೆಂದೂ ಬರೆಯಬೇಕು.

ಹಳ್ಳಿಯ ಶಾಲೆಗಳಲ್ಲಿ 'ನನಗೆ ಇಷ್ಟವಾದ ಅಡುಗೆ' ಎಂದು ಪ್ರಬಂಧ ಬರೆಸುವುದುಂಟು. ಕೇರಿಯ ಮಗು ಹೋಳಿಗೆ ಎಂದು ಬರೆದು ತೋರಿಸುತ್ತದೆ. ವರ್ಷಕ್ಕೆ ಎರಡು ಸಲ ತಿಂದ ಹೋಳಿಗೆ. ಮನೆಯಲ್ಲಿ ನಿನ್ನೆ ಉಂಡದ್ದನ್ನು ಬರೆದರೆ ತರಗತಿ ನಗುತ್ತದೆಂದು ಅದಕ್ಕೆ ಗೊತ್ತು. 2021ರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತದ್ದನ್ನೂ ಅದು ಕೇಳಿದೆ. ಈ ಪತ್ರಿಕೆ ಓದುವ ಮಾಸ್ತರರು, ಅಕ್ಕೋರು ಮುಂದಿನ ಸಲ ವಿಷಯ ಬದಲಿಸಿ ನೋಡಬೇಕು: ನಿಮ್ಮ ಮನೆಯಲ್ಲಿ ರೊಟ್ಟಿ ಮಾಡುವವರು ಯಾರು, ಎಷ್ಟು ಹೊತ್ತಿಗೆ ಏಳುತ್ತಾರೆ, ಕಡೆಗೆ ಯಾವ ರೊಟ್ಟಿ ಉಣ್ಣುತ್ತಾರೆ? ಅಜ್ಜಿ ಇದ್ದರೆ ಸಂಜೆ ಎಲ್ಲಿಂದ ರೊಟ್ಟಿ ತರುತ್ತಿದ್ದಳು, ಯಾವ ವರ್ಷ ಬಿಟ್ಟಳು, ಯಾಕೆ ಬಿಟ್ಟಳು? ಮಕ್ಕಳು ಬರೆದದ್ದನ್ನು ತಿದ್ದದೆ, ಅವರ ಮಾತಿನಲ್ಲೇ, ಊರಿನ ಹೆಸರು ಹಾಕಿ ನಮಗೆ ಕಳಿಸಿರಿ. ಮನುಷ್ಯರ ಹೆಸರು ಬೇಡ. ಕಾಗುಣಿತ ನಾವೂ ತಿದ್ದುವುದಿಲ್ಲ.